ಕಾರು ಹರಾಜಿನ ‘ರಿಸರ್ವ್’: ‘ಮೀಸಲು ಬೆಲೆ’ ಎಂದರೆ ಸಾಕೇ?

ಪ್ರಶ್ನೆ: ಹಳೆಯ ಫೆರಾರಿ, ಜಾಗ್ವಾರ್‌ಗಳಂಥ ಕಾರುಗಳನ್ನು ಹರಾಜು ಸಂಸ್ಥೆಗೆ ಒಪ್ಪಿಸುವವರ ಕರಾರುಪತ್ರವನ್ನು ಕನ್ನಡಿಸುತ್ತಿದ್ದೇನೆ. ‘ರಿಸರ್ವ್ ಪ್ರೈಸ್’, ‘ಹ್ಯಾಮರ್ ಪ್ರೈಸ್’, ‘ಬೈಯರ್ಸ್ ಪ್ರೀಮಿಯಂ’ಗೆ ಮೀಸಲು ಬೆಲೆ, ಸುತ್ತಿಗೆ ಬೆಲೆ, ಖರೀದಿದಾರರ ಅಧಿಮೌಲ್ಯ ಎಂದು ಬರೆದಿದ್ದೇನೆ. ಬಲ್ಲವರು ತಿದ್ದಬೇಕು.

ಉತ್ತರ: ‘ಮೀಸಲು ಬೆಲೆ’ ತಪ್ಪಲ್ಲ ಮೇಡಂ, ಆದರೆ ಇಲ್ಲಿ ದಾರಿ ತಪ್ಪಿಸುತ್ತದೆ. ನಮ್ಮ ಓದುಗರು ಈ ಪದ ಕಂಡಿರುವುದು ಸಾಲ ತೀರದ ಮನೆ, ಸೈಟುಗಳ ಬ್ಯಾಂಕ್ ಹರಾಜಿನ ಜಾಹೀರಾತಿನಲ್ಲಿ. ಅಲ್ಲಿ ಅದು ಅಚ್ಚಾದ ಬೆಲೆ. ಕೂಗು ಅದಕ್ಕಿಂತ ಕೆಳಗಿಳಿಯುವುದಿಲ್ಲ. ಕಾರಿನ ಹರಾಜಿನಲ್ಲಿ ರಿಸರ್ವ್ ಎಷ್ಟೆಂಬುದು ಮಾರುವವರಿಗೂ ಸಂಸ್ಥೆಗೂ ಮಾತ್ರ ಗೊತ್ತು, ಕೂಗು ಶುರುವಾಗುವುದು ಅದಕ್ಕಿಂತ ಕೆಳಗೆ. ಕ್ಯಾಟಲಾಗಿನಲ್ಲಿ ಕಾಣುವುದು ‘80,000ದಿಂದ 1,00,000 ಪೌಂಡ್’ ಎಂಬಂಥ ಅಂದಾಜು ಮಾತ್ರ. ರಿಸರ್ವ್ ಸಾಮಾನ್ಯವಾಗಿ ಅದರ ಕೆಳ ಅಂಕಿಯನ್ನು ಮೀರುವುದಿಲ್ಲ. ಷರತ್ತಿನಲ್ಲಿ ಮೊದಲೇ ತಿಳಿಸಿದ್ದರೆ, ರಿಸರ್ವ್ ಮುಟ್ಟುವ ತನಕ ಹರಾಜು ಕೂಗುವವರೇ ಮಾರುವವರ ಪರವಾಗಿ ಕೂಗು ಏರಿಸುವುದೂ ಉಂಟು. (ಭಾರತದ 1930ರ ಸರಕು ಮಾರಾಟ ಕಾಯ್ದೆ, ಕಲಂ 64, ‘ರಿಸರ್ವ್ಡ್ ಅಥವಾ ಅಪ್‌ಸೆಟ್ ಪ್ರೈಸ್’ ಎಂದು, ರಿಸರ್ವ್ ಮತ್ತು ಕೂಗು ಶುರುವಾಗುವ ಕನಿಷ್ಠ ಬೆಲೆ (ಅಪ್‌ಸೆಟ್) ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತದೆ. ಗೊಂದಲ ನಮ್ಮ ಅನುವಾದಕರದ್ದಷ್ಟೇ ಅಲ್ಲ!)

ಹಾಗಾಗಿ ಮೊದಲ ಸಲ ‘ಗುಟ್ಟಿನ ಕನಿಷ್ಠ ಬೆಲೆ, ಅಂದರೆ ರಿಸರ್ವ್’ ಎಂದು ಬರೆದು, ಮುಂದೆ ‘ರಿಸರ್ವ್’ ಎಂದೇ ಇಡಿ. ‘ನೋ ರಿಸರ್ವ್’ಗೆ ಒಳ್ಳೆಯ ಕನ್ನಡವೇ ಇದೆ: ‘ಬಂದ ಬೆಲೆಗೆ ಮಾರಾಟ’.

ಸುತ್ತಿಗೆ ಬಡಿದು ಮಾರಾಟ ಮುಗಿಸಿದ ಬೆಲೆಗೆ ‘ಸುತ್ತಿಗೆ ಬೆಲೆ’ ಎಂದರೆ ಹಾರ್ಡ್‌ವೇರ್ ಅಂಗಡಿ ನೆನಪಾಗುತ್ತದೆ. ‘ಕೂಗು ನಿಂತ ಬೆಲೆ’ಯೂ ಬೇಡ, ರಿಸರ್ವ್ ಮುಟ್ಟದೆ ಕಾರು ಉಳಿದರೂ ಕೂಗು ಎಲ್ಲೋ ಒಂದು ಕಡೆ ನಿಂತೇ ನಿಲ್ಲುತ್ತದೆ. ‘ಕೂಗಿನಲ್ಲಿ ಕುದುರಿದ ಬೆಲೆ’ ಎಂದರೆ ವ್ಯಾಪಾರ ಮುಗಿದದ್ದೂ ಸೇರುತ್ತದೆ.

‘ಅಧಿಮೌಲ್ಯ’ ಷೇರುಪೇಟೆಯ ಮಾತು. ಇದು ಕುದುರಿದ ಬೆಲೆಯ ಮೇಲೆ ಸಂಸ್ಥೆ ಹಾಕುವ ‘ಕೊಳ್ಳುವವರ ಕಮಿಷನ್’, ಅಷ್ಟೇ. 2018ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೇಯಲ್ಲಿ ಆರ್‌ಎಂ ಸದಬೀಸ್ ಹರಾಜು ಸಂಸ್ಥೆ ಮಾರಿದ 1962ರ ಫೆರಾರಿ 250 ಜಿಟಿಒ ಕುದುರಿದ್ದು 4.4 ಕೋಟಿ ಡಾಲರಿಗೆ, ಸುದ್ದಿಯಾದದ್ದು 4,84,05,000. ಮೊದಲ 2.5 ಲಕ್ಷಕ್ಕೆ ಶೇ. 12ರಂತೆ 30,000, ಉಳಿದದ್ದಕ್ಕೆ ಶೇ. 10ರಂತೆ 43,75,000, ಅಂತರ ಇಷ್ಟೇ. ಮಾರುವವರ ಕಮಿಷನ್ ಬೇರೆ, ಅದನ್ನು ಸಾಮಾನ್ಯವಾಗಿ ಕುದುರಿದ ಬೆಲೆಯ ಮೇಲೆ ಲೆಕ್ಕ ಹಾಕಿ ಮುರಿದುಕೊಳ್ಳುತ್ತಾರೆ. ಕರಾರಿನಲ್ಲಿ ಕುದುರಿದ ಬೆಲೆ, ಕೊಳ್ಳುವವರ ಕಮಿಷನ್ ಸೇರಿದ ಬೆಲೆ ಎರಡಕ್ಕೂ ‘ಮಾರಾಟ ಬೆಲೆ’ ಎಂದು ಬರೆದರೆ ಯಾವುದರ ಮೇಲೆ ಶೇಕಡಾವಾರು ಎಂಬ ಜಗಳ ಖಂಡಿತ.

ಇನ್ನೊಂದು: ‘ಅನ್‌ಸೋಲ್ಡ್’, ‘ವಿತ್‌ಡ್ರಾನ್’ ಎರಡನ್ನೂ ‘ಹರಾಜಾಗದಿದ್ದರೆ’ ಎಂದು ಒಂದೇ ಮಾಡಬೇಡಿ. ಮೊದಲನೆಯದು ಕೂಗಿಗೆ ಬಂದೂ ಉಳಿದದ್ದು, ಎರಡನೆಯದು ಕೂಗಿಗೆ ಬರುವ ಮೊದಲೇ ಹಿಂದಕ್ಕೆ ಪಡೆದದ್ದು. ಮಾರುವವರೇ ಹಿಂದಕ್ಕೆ ಪಡೆದರೆ ಕಟ್ಟಬೇಕಾದ ಶುಲ್ಕ ಸಾಮಾನ್ಯವಾಗಿ ಕರಾರಿನಲ್ಲಿ ಬೇರೆಯೇ ಇರುತ್ತದೆ.