ಕೇರ್ ಹೋಮಲ್ಲಿರೋ ದೊಡ್ಡಮ್ಮ ಸೊರಗಿ ಹೋಗ್ತಿದಾರೆ, ಇದು ವಯಸ್ಸಿಂದಾನಾ ಇಲ್ಲಾ ನೋಡ್ಕೊಳ್ತಿಲ್ವಾ?

ಹಾಸನದ_ಹುಡುಗಿ:
ಎಲ್ರಿಗೂ ನಮಸ್ಕಾರ. ದೊಡ್ಡಮ್ಮಂಗೆ ಡಿಮೆನ್ಷಿಯಾ, ಸೊಂಟದ ಮೂಳೆ ಮುರಿದ ಮೇಲೆ ಹಾಸಿಗೆ ಬಿಟ್ಟು ಎದ್ದಿಲ್ಲ, ಅಣ್ಣ ಹೊರದೇಶದಲ್ಲಿರೋದ್ರಿಂದ ಬೆಂಗಳೂರಿನ ಒಂದು ಪ್ರೈವೇಟ್ ಕೇರ್ ಹೋಮಲ್ಲಿ ಸೇರಿಸಿದೀವಿ. ಈಚೆಗೆ ಯಾವಾಗ ಹೋದ್ರೂ ಮಂಪರು, ನೈಟಿ ಹೆಗಲಿಂದ ಜಾರೋಷ್ಟು ಇಳಿದೋಗಿದಾರೆ, ಎರಡೂ ಮಣಿಕಟ್ಟಿನ ಸುತ್ತ ಕೆಂಪು ಗೆರೆ. ಮ್ಯಾನೇಜರನ್ನ ಕೇಳಿದ್ರೆ "ವಯಸ್ಸಾದೋರ ಚರ್ಮ, ಮುಟ್ಟಿದ್ರೂ ಕಂದುತ್ತೆ" ಅಂತಾರೆ. ಆಯಾ ಎದುರಿಗಿದ್ರೆ ದೊಡ್ಡಮ್ಮ ಬಾಯೇ ಬಿಡಲ್ಲ. ಜಗಳ ಮಾಡಿದ್ರೆ ನಾವು ಈ ಕಡೆ ಬಂದ್ಮೇಲೆ ಅವರ ಮೇಲೆ ತೀರಿಸ್ಕೊಂಡ್ರೆ ಅಂತ ಭಯ.

ನೈಟ್_ಡ್ಯೂಟಿ_ನರ್ಸ್:
ಚರ್ಮ ತೆಳು ಅನ್ನೋದೇನೋ ನಿಜ, ಆದ್ರೆ ಎಲ್ಲೋ ತಗುಲಿ ಆದ ಕಲೆ ಎರಡೂ ಕೈಲಿ ಸುತ್ತಾ ಒಂದೇ ಥರ ಬರಲ್ಲ ಕಣ್ರೀ, ಮಂಚಕ್ಕೆ ಕಟ್ಟಿರೋ ಸಾಧ್ಯತೆ ಇದೆ. ಹೇಳದೆ ಕೇಳದೆ ರಾತ್ರಿ ಊಟದ ಹೊತ್ತಿಗೆ ಹೋಗಿ. ಹೊದಿಕೆ ಸರಿಸಿ ಬೆನ್ನಿನ ಕೆಳಭಾಗ, ಸೊಂಟದ ಪಕ್ಕ, ಹಿಮ್ಮಡಿ ನೋಡಿ. ಕೆಂಪಗಿರೋ ಜಾಗ ಬೆರಳಲ್ಲಿ ಒತ್ತಿದಾಗ ಬೆಳ್ಳಗಾಗದೆ ಹಾಗೇ ಇದ್ರೆ ಬೆಡ್‌ಸೋರ್ (ಒಂದೇ ಕಡೆ ಮಲಗಿ ಆಗೋ ಹುಣ್ಣು) ಶುರು ಅಂತ, ಮೈಬಣ್ಣ ಕಪ್ಪಿದ್ರೆ ಕೆಂಪು ಕಾಣಲ್ಲ, ಮುಟ್ಟಿದ್ರೆ ಅಲ್ಲಿ ಬಿಸಿ ಇಲ್ಲಾ ಗಟ್ಟಿ ಅನ್ಸುತ್ತೆ. ಮಲಗಿದ್ದಲ್ಲೇ ಇರೋರನ್ನ ಸಾಮಾನ್ಯವಾಗಿ 2 ಗಂಟೆಗೊಂದ್ಸಲ ಮಗ್ಗುಲು ಬದಲಾಯಿಸ್ಬೇಕು, ಅದರ ಚಾರ್ಟ್ ಕೇಳಿ, ಇಡೀ ವಾರದ್ದು ಒಂದೇ ಪೆನ್ನಲ್ಲಿ ಒಂದೇ ಸಲ ಕೂತು ತುಂಬಿದಂಗಿದ್ರೆ ನಂಬಬೇಡಿ. ನಾಲಿಗೆ ಒಣಗಿದ್ಯಾ, ಮೂತ್ರ ಗಾಢ ಹಳದಿ ಇದ್ಯಾ ನೋಡಿ. ಡೈಪರ್ ಬದಲಾಯಿಸೋ ಕೆಲಸ ತಪ್ಪುತ್ತೆ ಅಂತ ನೀರೇ ಕಮ್ಮಿ ಕೊಡೋರನ್ನ ನಾನು ಕಣ್ಣಾರೆ ನೋಡಿದೀನಿ, ಈಗಲೂ ಹೊಟ್ಟೆ ಉರಿಯುತ್ತೆ. ಕೊಡ್ತಿರೋ ಎಲ್ಲಾ ಮಾತ್ರೆಗಳ ಫೋಟೋ ತಗೊಂಡು ಅವರ ಡಾಕ್ಟರಿಗೆ ತೋರಿಸಿ, ಆ ಮಂಪರು ನಿದ್ದೆ ಮಾತ್ರೆದೇ ಇರಬಹುದು.

ಕೋರ್ಟ್_ಕಟ್ಟೆ:
ಬೆಂಗಳೂರಲ್ಲಿ 1090ಕ್ಕೆ ಫೋನ್ ಮಾಡಿ, ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟೂ ಸೇರಿ ನಡೆಸೋ ಹಿರಿಯರ ಸಹಾಯವಾಣಿ ಅದು. ಬೇರೆ ಊರವರಿಗೆ 14567, ಜೀವಕ್ಕೇ ಅಪಾಯ ಅನ್ನಿಸಿದ್ರೆ 112. ಜನ 2007ರ ಹಿರಿಯ ನಾಗರಿಕರ ಕಾಯ್ದೆ ಹಿಡ್ಕೊಂಡು ಎಸಿ (ಅಸಿಸ್ಟೆಂಟ್ ಕಮಿಷನರ್) ಆಫೀಸಿಗೆ ಓಡ್ತಾರೆ, ಆದ್ರೆ ಅಲ್ಲಿನ ಟ್ರಿಬ್ಯುನಲ್ ಇರೋದು ಮುಖ್ಯವಾಗಿ ಮಕ್ಕಳಿಂದ ಜೀವನಾಂಶ ಕೊಡಿಸೋಕೆ. ಕಟ್ಟಿಹಾಕೋದು, ಹೊಡೆಯೋದೆಲ್ಲ ಸ್ಟೇಷನ್ ಕೇಸು, ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 127 (ಅಕ್ರಮವಾಗಿ ಕೂಡಿಹಾಕೋದು), 115 (ಬೇಕಂತ ಗಾಯ ಮಾಡೋದು) ನೋಡಿ. ಜೊತೆಗೆ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಆಫೀಸಿಗೆ ದೂರು ಬರೆದುಕೊಟ್ಟು ಸ್ವೀಕೃತಿ ಇಸ್ಕೊಳ್ಳಿ, ಬಾಯಿಮಾತಲ್ಲಿ ಬಿಡಬೇಡಿ.

ಹಾಸನದ_ಹುಡುಗಿ:
ತುಂಬಾ ಥ್ಯಾಂಕ್ಸ್. ಸೇರಿಸುವಾಗ ಸೈನ್ ಹಾಕಿರೋದು ಅಣ್ಣ, ನಾನು ಆಸ್ಪತ್ರೆಗೆ ಕರ್ಕೊಂಡೋಗ್ತೀನಿ ಅಂದ್ರೆ ಕಳಿಸ್ತಾರಾ?

ನೈಟ್_ಡ್ಯೂಟಿ_ನರ್ಸ್:
ಅಣ್ಣನ ಹತ್ರ ಇವತ್ತೇ ಒಂದು ಮೇಲ್ ಹಾಕಿಸಿ, ತಂಗಿ ಜೊತೆ ಕಳಿಸಿ ಅಂತ. ಅಲ್ಲಿ ಜಗಳ ಬೇಡ, ಚೆಕಪ್ಪಿಗೆ ಅಂದ್ರೆ ಸಾಕು. ಆಸ್ಪತ್ರೇಲಿ ಮಾತ್ರ ಕಟ್ಟಿಹಾಕಿರೋ ಅನುಮಾನ ಇದೆ ಅಂತ ಬಾಯಿಬಿಟ್ಟು ಹೇಳಿ ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್, ಪೊಲೀಸ್ ಕೇಸಿಗಾಗೋ ಗಾಯಗಳನ್ನ ಆಸ್ಪತ್ರೆಯೋರು ಬರೆದಿಡೋ ದಾಖಲೆ) ಮಾಡಿಸಿ, ಆಮೇಲೆ ದೂರಿಗೆ ಅದೇ ಆಧಾರ. ಹೊರಡೋಕೆ ಮುಂಚೆನೇ ಬೇರೆ ಜಾಗ ನೋಡಿಟ್ಟಿರಿ, ವಾಪಸ್ ಅಲ್ಲಿಗೆ ಬಿಡಬೇಡಿ, ಕಟ್ಟಿದ ಅಡ್ವಾನ್ಸ್ ವಿಷಯ ಆಮೇಲೆ ನೋಡ್ಕೋಬಹುದು.