ಆಫ್ರಿಕಾದ ಹಾಡಿಗೆ ಕುಣಿಯುವ ಮಕ್ಕಳ ಮುಖಕ್ಕೆ ಕಪ್ಪು ಬಳಿಯಬೇಕೆ?

ಪ್ರಶ್ನೆ: ಶಿಕ್ಷಕಿ, ಬೀದರ್

ಎಲ್ಲರಿಗೂ ಶರಣು. ನಮ್ಮ ಪ್ರೌಢಶಾಲೆಯ ಸ್ನೇಹ ಸಮ್ಮೇಳನಕ್ಕೆ ಒಂಬತ್ತನೆಯ ತರಗತಿಯ ಹನ್ನೆರಡು ಮಕ್ಕಳು ಆಫ್ರಿಕಾದ ಕುಣಿತದ ಹಾಡೊಂದನ್ನು ಆರಿಸಿಕೊಂಡಿದ್ದಾರೆ. ತಮ್ಮ ಮೂಲವನ್ನು, ಮೈಬಣ್ಣವನ್ನು, ಹಿರಿಯರ ನೆಲವನ್ನು ಹೆಮ್ಮೆಯಿಂದ ಕೊಂಡಾಡುವ ಹಾಡು ಅದು. ನನ್ನ ತೊಡಕು ಹಾಡಿನದಲ್ಲ, ವೇಷದ್ದು. ಬಾಡಿಗೆಗೆ ಬಟ್ಟೆ ಕೊಡುವವರು ಹುಲ್ಲಿನ ಲಂಗ, ಮೂಳೆಯ ಸರ, ಮುಖಕ್ಕೆ ಬಳಿಯಲು ಕಪ್ಪು ಬಣ್ಣ ಎಲ್ಲವನ್ನೂ ಒಂದೇ ಗಂಟಿನಲ್ಲಿ ತಂದು ಮುಂದಿಟ್ಟರು. ನನಗೆ ಅದು ಸರಿಯೆನಿಸಲಿಲ್ಲ. ಆದರೆ ಇದು ಬೇಡವೆಂದರೆ ಬೇರೆ ಏನು ಎಂದು ಸಹೋದ್ಯೋಗಿಗಳು ಕೇಳಿದಾಗ ಉತ್ತರ ಹೊಳೆಯಲಿಲ್ಲ. ತಿಳಿದವರು ದಾರಿ ತೋರಿಸಬೇಕು.

ಉತ್ತರ 1: ಇತಿಹಾಸ ಅಧ್ಯಾಪಕ, ಕಲಬುರಗಿ

ಅಕ್ಕಾವರೇ, ನಿಮ್ಮ ಅನುಮಾನ ಸರಿಯಾಗಿದೆ. ಮೈಬಣ್ಣವೇ ನಮ್ಮ ಹೆಮ್ಮೆ ಎನ್ನುವ ಹಾಡಿಗೆ ಆ ಬಣ್ಣವನ್ನು ಡಬ್ಬಿಯಿಂದ ತೆಗೆದು ಬಳಿದುಕೊಂಡು ನಿಂತರೆ, ಹಾಡು ಯಾವುದನ್ನು ಗೌರವಿಸುತ್ತದೆಯೋ ಅದನ್ನೇ ಕುಣಿತ ಅಣಕಿಸಿದಂತಾಗುತ್ತದೆ. ಆಫ್ರಿಕಾದಲ್ಲಿ 54 ದೇಶಗಳಿವೆ. ಅಷ್ಟೂ ದೇಶಗಳಿಗೆ ಒಂದೇ ಹುಲ್ಲಿನ ಲಂಗ ತೊಡಿಸುವುದು ಅಂಗಡಿಯವರ ಭೂಗೋಳ.

ನೀವು ಬೀದರ್‌ನವರೇ ಆಗಿರುವುದರಿಂದ ಇನ್ನೊಂದು ಮಾತು. ಊರಿನ ಪೂರ್ವಕ್ಕಿರುವ ಹಬ್ಶಿ ಕೋಟ್ ಗುಡ್ಡವನ್ನು ಮಕ್ಕಳು ಅತಿಥಿಗೃಹದ ಹೆಸರಿನಿಂದಷ್ಟೇ ಬಲ್ಲರು. ಇಥಿಯೋಪಿಯಾದ ಕಡೆಯ ನಾಡಿಗೆ ಅರಬರು ಇಟ್ಟ ಹೆಸರು ಹಬಶ್. ಅಲ್ಲಿಂದ ಬಂದವರು ಹಬ್ಶಿಗಳು. ಬಹಮನಿ ಸುಲ್ತಾನರ ಕಾಲದಲ್ಲಿ ಗುಲಾಮರಾಗಿ, ಸೈನಿಕರಾಗಿ ದಖನ್ನಿಗೆ ಬಂದು ಅಮೀರರ ಪದವಿಗೇರಿದ ಹಬ್ಶಿಗಳ ಗೋರಿಗಳು ಆ ಗುಡ್ಡದ ಮೇಲಿವೆ. 1657ರಲ್ಲಿ ಔರಂಗಜೇಬನು ಬೀದರ್ ಕೋಟೆಗೆ ಮುತ್ತಿಗೆ ಹಾಕಿದಾಗ ಕೋಟೆಯನ್ನು ಕಾಯುತ್ತಿದ್ದವನು ಸಿದ್ದಿ ಮರ್ಜಾನ್. ಮದ್ದುಗುಂಡಿನ ಸ್ಫೋಟದಲ್ಲಿ ಸುಟ್ಟ ಗಾಯಗಳಿಂದ ಅವನು ತೀರಿಕೊಂಡ. ಇಥಿಯೋಪಿಯಾದಲ್ಲಿ ಹುಟ್ಟಿ, ಮಾರಾಟವಾಗಿ, ಕೊನೆಗೆ ಅಹಮದ್‌ನಗರದ ರಾಜ್ಯಭಾರವನ್ನೇ ನಡೆಸಿದ ಮಲಿಕ್ ಅಂಬರ್ 1626ರಲ್ಲಿ ತೀರಿಕೊಂಡವನು. ಕುಣಿತಕ್ಕೆ ಮೊದಲು ಒಂದು ನಿಮಿಷ ಇದನ್ನು ಒಬ್ಬ ಹುಡುಗಿ ಹೇಳಿದರೂ ಸಭೆ ಹಾಡನ್ನು ಬೇರೆ ಕಿವಿಯಿಂದ ಕೇಳುತ್ತದೆ.

ಉತ್ತರ 2: ಮೂಲ ಯಲ್ಲಾಪುರ, ಈಗ ಯಾದಗಿರಿಯಲ್ಲಿ ನೌಕರಿ

ನಮ್ಮ ಉತ್ತರ ಕನ್ನಡದ ಸಿದ್ದಿಗಳನ್ನು ಮರೆಯಬೇಡಿ. ಅವರ ಹಿರಿಯರೂ ಆಫ್ರಿಕಾದಿಂದ ಬಂದವರೇ. ಮನೆಯಲ್ಲಿ ಆಡುವುದು ಹೆಚ್ಚಾಗಿ ಕೊಂಕಣಿ, ಜೊತೆಗೆ ಕನ್ನಡ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಅವರಲ್ಲಿದ್ದಾರೆ. 2003ರಲ್ಲಿ ಅವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ದಮಾಮಿ ಎಂಬ ಚರ್ಮವಾದ್ಯ ಬಾರಿಸಿ ಕುಣಿಯುತ್ತಾರೆ, ಹೆಣ್ಣುಮಕ್ಕಳು ಪುಗಡಿ ಹಾಕುತ್ತಾರೆ. ಗುಜರಾತಿನ ಸಿದ್ದಿಗಳು ತಮ್ಮ ಕುಣಿತವನ್ನು ಗೋಮಾ ಎನ್ನುತ್ತಾರೆ. ಡೋಲು, ಕುಣಿತ ಎರಡಕ್ಕೂ ಸ್ವಾಹಿಲಿಯಲ್ಲಿರುವ ಙೋಮಾ ಎಂಬ ಮಾತೇ ಅದು. ಉತ್ಸವಗಳ ವೇದಿಕೆಯಲ್ಲಿ ಸೊಪ್ಪು ಕಟ್ಟಿಕೊಂಡ ಸಿದ್ದಿ ತಂಡಗಳನ್ನು ನೀವು ನೋಡಿರಬಹುದು, ಆದರೆ ನಾನು ಮನೆಯಂಗಳದಲ್ಲಿ ಕಂಡ ಪುಗಡಿ ದಿನನಿತ್ಯದ ಸೀರೆಯಲ್ಲಿಯೇ ನಡೆಯುತ್ತಿತ್ತು. ನಿಮ್ಮ ಮಕ್ಕಳಿಗೂ ಬಣ್ಣಬಣ್ಣದ ಹತ್ತಿಯ ಬಟ್ಟೆ ಸಾಕು.

ಉತ್ತರ 3: ನೃತ್ಯ ಕಲಿಸುವವಳು, ಕಲಬುರಗಿ

ಬಟ್ಟೆಯ ಮಾತು ಮುಗಿಯಿತು, ನಾನು ಕಾಲಿನ ಮಾತು ಹೇಳುತ್ತೇನೆ. ಇಂತಹ ಹಾಡುಗಳಲ್ಲಿ ಒಬ್ಬರು ಎತ್ತಿಕೊಳ್ಳುತ್ತಾರೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ನಮ್ಮ ಭಜನೆಯ ಮೇಳದಲ್ಲಿ ಬೆಳೆದ ಮಕ್ಕಳಿಗೆ ಇದು ಹೊಸದಲ್ಲ. ಕಷ್ಟವಿರುವುದು ಲಯದಲ್ಲಿ: ಕೈ ಎರಡು ಪೆಟ್ಟು ಹಾಕುವಷ್ಟರಲ್ಲಿ ಕಾಲು ಮೂರು ಹೆಜ್ಜೆ ಇಡಬೇಕಾಗುತ್ತದೆ. ಮೊದಲ ವಾರ ಹಾಡನ್ನೇ ಹಾಕದೆ ಇದನ್ನಷ್ಟೇ ರೂಢಿ ಮಾಡಿಸಿ. ಮಂಡಿ ಸ್ವಲ್ಪ ಬಾಗಿರಲಿ, ಭಾರ ನೆಲದ ಕಡೆಗಿರಲಿ. ಸಿನಿಮಾ ಕುಣಿತದ ಜಿಗಿತ ಇಲ್ಲಿ ಹೊಂದುವುದಿಲ್ಲ. ಇನ್ನು ಮದುವೆಯ ಬಾರಾತ್‌ನಲ್ಲಿ ಮರ್ಫಾ ಕೇಳಿದ್ದೀರಲ್ಲವೇ? ಯೆಮನ್ ಮೂಲದ ಅರಬರೂ ನಿಜಾಮರ ಆಫ್ರಿಕನ್ ಅಶ್ವದಳದ ಸಿದ್ದಿಗಳೂ ಹೈದರಾಬಾದಿನಲ್ಲಿ ಬೆಳೆಸಿದ ವಾದ್ಯಮೇಳ ಅದು. ಬೀದರ್ 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇತ್ತು, ಆದ್ದರಿಂದ ಅದು ನಮಗೆ ಹೊರಗಿನದೇನಲ್ಲ. ಹಾಡು ಶುರುವಾಗುವ ಮೊದಲು ಅರ್ಧ ನಿಮಿಷ ಮರ್ಫಾ ಬಾರಿಸಿದರೆ ಚೆನ್ನಾಗಿರುತ್ತದೆ.

ಶಿಕ್ಷಕಿ, ಬೀದರ್

ಮೂವರಿಗೂ ಶರಣು. ಬಣ್ಣದ ಡಬ್ಬಿ, ಹುಲ್ಲಿನ ಲಂಗ ಇಂದೇ ಹಿಂದಿರುಗಿಸಿದೆ. ಭಾನುವಾರ ಮಕ್ಕಳನ್ನು ಹಬ್ಶಿ ಕೋಟ್‌ಗೆ ಕರೆದೊಯ್ಯುತ್ತೇನೆ. ಎರಡಕ್ಕೆ ಮೂರರ ಲಯ ಮಾತ್ರ ನನಗೇ ಇನ್ನೂ ಕೂರುತ್ತಿಲ್ಲ. ಅಕ್ಕಾವರು ಒಂದು ಧ್ವನಿಮುದ್ರಣ ಕಳುಹಿಸಿದರೆ ಉಪಕಾರವಾಗುತ್ತದೆ.