ಸಾಲಕ್ಕೆ ಸಾಲ ಗುಣಿಸಿದರೆ ಲಾಭ ಹೇಗೆ, ಅಕ್ಕೋರೇ?

ಪ್ರಶ್ನೆ (ಜಮಖಂಡಿಯಿಂದ ಒಬ್ಬ ತಾಯಿ):
ಅಕ್ಕೋರೇ, ನಮಸ್ಕಾರ. ನಮ್ಮದು ಕಿರಾಣಿ ಅಂಗಡಿ. ಮಗಳು ಏಳನೇ ತರಗತಿ. ಋಣ ಸಂಖ್ಯೆ ಅಂದರೆ ಸಾಲ ಇದ್ದ ಹಾಗೆ ಅಂತ ನಾನೇ ಹೇಳಿಕೊಟ್ಟೆ. ಕೂಡಿಸೋದು, ಕಳೆಯೋದು ಚೆನ್ನಾಗಿ ತಿಳಿಯಿತು. ಈಗ (−4) × (−3) = 12 ಅಂತ ಬಂದಿದೆ. "ಸಾಲಕ್ಕೆ ಸಾಲ ಗುಣಿಸಿದರೆ ಲಾಭ ಆಗೋದಾದ್ರೆ ಎಲ್ಲರೂ ಸಾಲಾನೇ ಮಾಡ್ತಿದ್ರಲ್ಲ ಅವ್ವಾ?" ಅಂತಾಳೆ. ಸುಮ್ನೆ ಬಾಯಿಪಾಠ ಮಾಡು ಅನ್ನಲು ಮನಸ್ಸಿಲ್ಲ.

ಉತ್ತರ:
ಮಗಳು ಸರಿಯಾಗೇ ಕೇಳಿದ್ದಾಳೆ, ತಂಗಿ. ಸಾಲವನ್ನು ಸಾಲದಿಂದ ಯಾರೂ ಗುಣಿಸುವುದಿಲ್ಲ. ಲಾಭವನ್ನು ಲಾಭದಿಂದಲೂ ಗುಣಿಸುವುದಿಲ್ಲ. ನಾಲ್ಕು ರೂಪಾಯಿ ಗುಣಿಸು ಮೂರು ರೂಪಾಯಿ ಅಂದರೆ ಏನರ್ಥ? ಒಂದು ಸಂಖ್ಯೆ ರೂಪಾಯಿ, ಇನ್ನೊಂದು ಎಷ್ಟು ಸಲ ಅನ್ನೋದು.

ನಿಮ್ಮ ಉದ್ರಿ ಚೀಟಿಗಳನ್ನೇ ತೆಗೆದುಕೊಳ್ಳಿ. ಒಂದೊಂದು ಚೀಟಿ 3 ರೂಪಾಯಿದು. (3 ರೂಪಾಯಿಗೆ ಈಗ ಏನೂ ಬರಲ್ಲ, ಇರಲಿ.) ಲೆಕ್ಕ ಗಿರಾಕಿಯ ಕಡೆಯಿಂದ ಮಾಡಿ. ಅವನ ಹೆಸರಿಗೆ ನಾಲ್ಕು ಚೀಟಿ ಸೇರಿದರೆ 4 × (−3) = −12. ಅವನ ಪರಿಸ್ಥಿತಿ 12 ರೂಪಾಯಿ ಕೆಳಗೆ ಇಳಿಯಿತು. ಈಗ ನೀವು ಮನಸ್ಸು ಮಾಡಿ ನಾಲ್ಕು ಚೀಟಿ ಹರಿದು ಹಾಕಿದಿರಿ. "ನಾಲ್ಕು ತೆಗೆದೆ" ಅನ್ನೋದೇ −4. ಗಿರಾಕಿ 12 ರೂಪಾಯಿ ಮೇಲೆ ಬಂದ. ಕೈಗೆ ಒಂದು ಪೈಸೆ ಬರಲಿಲ್ಲ, ಆದರೂ ಮೇಲೆ ಬಂದ. (−4) × (−3) = 12 ಅಂದರೆ ಇಷ್ಟೇ.

ಇನ್ನೊಂದು ಬೇಕಾದರೆ ಆಲಮಟ್ಟಿ ನೋಡಿ. ಜಲಾಶಯ ತುಂಬಿದಾಗ ಮಟ್ಟ 519.60 ಮೀಟರ್. ಬೇಸಿಗೆಯಲ್ಲಿ ದಿನಕ್ಕೆ 2 ಸೆಂಟಿಮೀಟರ್ ಇಳಿಯುತ್ತಿದೆ ಅಂತ ಇಟ್ಟುಕೊಳ್ಳಿ. ಐದು ದಿನ ಬಿಟ್ಟು ನೋಡಿದರೆ 10 ಸೆಂಟಿಮೀಟರ್ ಕಡಿಮೆ. ಐದು ದಿನದ ಹಿಂದೆ? ಇವತ್ತಿಗಿಂತ 10 ಜಾಸ್ತಿ ಇತ್ತು ಅಲ್ವಾ? (−5) × (−2) = 10.

ಧನ, ಋಣ ಅನ್ನೋ ಮಾತು ಹಳೆಯದು. ಬ್ರಹ್ಮಗುಪ್ತ 628ರಲ್ಲೇ ಇದೇ ಪದ ಬಳಸಿ ಋಣಕ್ಕೆ ಋಣ ಗುಣಿಸಿದರೆ ಧನ ಅಂತ ಬರೆದಿದ್ದಾನೆ.

ಪ್ರಶ್ನೆ (ವಿಜಯಪುರದಿಂದ):
ಅಕ್ಕೋರೇ, ನನ್ನ ಮಗ −5 − 3 = 8 ಅಂತ ಬರೆದು ಬಂದಿದ್ದಾನೆ. ಮೈನಸ್ ಮೈನಸ್ ಪ್ಲಸ್ ಅಂತ ವಾದ ಬೇರೆ.

ಉತ್ತರ:
ನಾನು ತಿದ್ದಿದ ಪೇಪರುಗಳಲ್ಲಿ ಗುಣಾಕಾರದ ತಪ್ಪಿಗಿಂತ ಇದೇ ಜಾಸ್ತಿ. ತಪ್ಪು ನಮ್ಮದೇ. "ಮೈನಸ್ ಮೈನಸ್ ಪ್ಲಸ್" ಅಂತ ಮಂತ್ರದ ಹಾಗೆ ಹೇಳಿಸುತ್ತೇವೆ, "ಗುಣಿಸಿದಾಗ" ಅನ್ನೋದು ಬಿಟ್ಟೇ ಹೋಗುತ್ತದೆ. 5 ರೂಪಾಯಿ ಸಾಲ ಇದ್ದವನು ಮತ್ತೆ 3 ರೂಪಾಯಿ ಉದ್ರಿ ತಂದ. ಅವನ ಸಾಲ 8, ಅಂದರೆ −8. ಎರಡು ಸಂಖ್ಯೆಗಳ ನಡುವೆ ಗುಣಾಕಾರ ಇಲ್ಲವೇ ಭಾಗಾಕಾರ ಇದ್ದರೆ ಮಾತ್ರ ಆ ಮಂತ್ರ. ಆದರೆ −5 − (−3) ಬೇರೆ. ಅಲ್ಲಿ 3 ರೂಪಾಯಿ ಚೀಟಿ ಹರಿದಿದೆ, ಉಳಿಯೋದು −2. ಆವರಣ ನೋಡದೆ ಲೆಕ್ಕಕ್ಕೆ ಇಳಿಯಬಾರದು ಅಂತ ಹೇಳಿ.

ಪ್ರಶ್ನೆ (ಬೆಳಗಾವಿಯಿಂದ):
ಭಾಗಾಕಾರಕ್ಕೂ ಇದೇ ಚೀಟಿ ನಡೆಯುತ್ತದೆಯೇ?

ಉತ್ತರ:
ಇನ್ನೂ ಚೆನ್ನಾಗಿ ನಡೆಯುತ್ತದೆ. 12 ರೂಪಾಯಿ ಸಾಲವನ್ನು ನಾಲ್ಕು ಜನ ಅಣ್ಣತಮ್ಮಂದಿರು ಹಂಚಿಕೊಂಡರೆ ಒಬ್ಬೊಬ್ಬನ ಪಾಲಿಗೆ (−12) ÷ 4 = −3. ಒಟ್ಟು ಸಾಲ 12, ಒಂದು ಚೀಟಿ 3 ರೂಪಾಯಿದು, ಹಾಗಾದರೆ ಚೀಟಿ ಎಷ್ಟು? (−12) ÷ (−3) = 4. ಗುಣಿಸಲು ಬರದ ಸಾಲವನ್ನು ಸಾಲದಿಂದ ಭಾಗಿಸಬಹುದು, ನೋಡಿ! ಬರುವ ಉತ್ತರ ಮಾತ್ರ ರೂಪಾಯಿ ಅಲ್ಲ, ಚೀಟಿಯ ಲೆಕ್ಕ. 12 ÷ (−3) ಬಂದರೆ ಕಥೆ ಕಟ್ಟಲು ಹೋಗಬೇಡಿ. ಯಾವುದಕ್ಕೆ −3 ಗುಣಿಸಿದರೆ 12 ಬರುತ್ತದೆ ಅಂತ ಕೇಳಿ, −4 ಸಿಗುತ್ತದೆ.

ಸೊನ್ನೆಯಿಂದ ಮಾತ್ರ ಭಾಗಿಸಬಾರದು. ಸೊನ್ನೆಗೆ ಏನು ಗುಣಿಸಿದರೂ −12 ಬರಲ್ಲ. ಅಮೋಘವರ್ಷ ನೃಪತುಂಗನ ಕಾಲದ ನಮ್ಮ ಮಹಾವೀರಾಚಾರ್ಯರೇ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತದೆ ಅಂತ ಬರೆದು ಎಡವಿದ ಜಾಗ ಅದು.

ಜಮಖಂಡಿಯ ತಾಯಿ:
ನಾಲ್ಕು ಚೀಟಿ ಹರಿದು ತೋರಿಸಿದೆ, ಒಪ್ಪಿದಳು. ಈಗ ನಮ್ಮ ಮನೆಯವರು ಯಾವ ಗಿರಾಕಿಯ ಚೀಟಿ ಹರಿದೆ ಅಂತ ಕೇಳುತ್ತಿದ್ದಾರೆ.

ಉತ್ತರ:
ಗಿರಾಕಿಗೆ +12 ಆದದ್ದು ನಿಮ್ಮ ಅಂಗಡಿಗೆ ಎಷ್ಟು ಅಂತ ಮಗಳ ಕೈಲೇ ಬರೆಸಿ ಅವರಿಗೆ ಕೊಡಿ.